ಖಾಲಾನ ಮಲ್ಲಿಗೆಯೂ ನನ್ನ ಬೆಲ್‌ಬಾಟಮ್ ಪ್ಯಾಂಟೂ

ಖಾಲಿ ಪೆಟ್ಟಿಗೆ ಕಂಡರೆ ನನ್ನ ಕೈ ತಾನಾಗಿ ಕೊರಳಲ್ಲಿರುವ ಟೇಪಿಗೆ ಹೋಗುತ್ತದೆ. ನಾನು ಮಾನ್ವಿಯಲ್ಲಿ ಬಟ್ಟೆ ಹೊಲಿಯುವವನು. ಅಳೆಯಬೇಕಾದದ್ದು ಜನರ ಸೊಂಟ, ಭುಜ. ಆದರೆ ಎದುರಿನ ಕಿರಾಣಿ ಅಂಗಡಿಯವರು ಚಹಾಪುಡಿ ಖಾಲಿ ಮಾಡಿ ಕಟ್ಟಿಗೆಯ ಪೆಟ್ಟಿಗೆಯನ್ನು ಹೊರಗಿಟ್ಟರೆ ಸಾಕು, ಗಿರಾಕಿಯ ತೋಳನ್ನು ಗಾಳಿಯಲ್ಲೇ ಬಿಟ್ಟು ಹೋಗಿ ಅದರ ಉದ್ದ, ಅಗಲ, ಆಳ ನೋಡಿ ಬರುತ್ತೇನೆ. ಮೊಳದಷ್ಟು ಆಳವಿದ್ದರೆ ಮಲ್ಲಿಗೆ ನಿಲ್ಲುತ್ತದೆ. ಗೇಣಷ್ಟೇ ಇದ್ದರೆ ಚೆಂಡುಹೂವೇ ಗತಿ. ಹೋದ ವಾರ ಹೀಗೆ ಅಳೆಯುತ್ತಿದ್ದಾಗ ಊಟದ ಡಬ್ಬಿ ತಂದ ನನ್ನ ಹೆಂಡತಿ ನೋಡಿಬಿಟ್ಟಳು.

"ಅದಕ್ಕೂ ಒಂದು ಅಂಗಿ ಹೊಲೀತೀರೇನು?" ಅಂದಳು.

ಗಿರಾಕಿ ನಕ್ಕ. ನಾನೂ ನಕ್ಕೆ. ಮಲ್ಲಿಗೆಯ ವಿಷಯ ಬಂದಾಗಲೆಲ್ಲ ನಾನು ಹೀಗೆ ನಕ್ಕು ಜಾರಿಕೊಳ್ಳುವವನೇ. ಇವತ್ತು ಜಾರಿಕೊಳ್ಳದೆ ಹೇಳಬೇಕೆಂದು ಕೂತಿದ್ದೇನೆ. ಏಳನೇ ತರಗತಿ ಫೇಲಾದವನ ಬರವಣಿಗೆ ಇದು. ಹೊಲಿಗೆ ಅಲ್ಲಲ್ಲಿ ಸೊಟ್ಟಗಿದ್ದರೆ ಒಳಮಗ್ಗುಲಿಗೆ ತಿರುವಿಕೊಂಡು ಓದಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ದೇವದುರ್ಗದಿಂದ ರಾಯಚೂರಿಗೆ ಹೊಲಿಗೆ ಕಲಿಯಲು ಹೋಗಿ ಅಕ್ಕ ಶರಣಮ್ಮನ ಮನೆಯಲ್ಲಿದ್ದೆ. ಭಾವ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮನೆ ಕೋಟೆಯ ಒಳಗಿನ ಹಳೇ ಊರಲ್ಲಿ, ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ. ಎಷ್ಟು ಇಕ್ಕಟ್ಟೆಂದರೆ, ಎದುರಿನಿಂದ ಸೈಕಲ್ ಬಂದರೆ ನಾವು ಯಾರದಾದರೂ ಮನೆಯ ಹೊಸ್ತಿಲು ಹತ್ತಿ ನಿಲ್ಲಬೇಕು. ಎಮ್ಮೆ ಬಂದರೆ ಗಲ್ಲಿಯ ಬಾಯಿತನಕ ಹಿಂದಕ್ಕೆ ನಡೆಯಬೇಕು, ಯಾಕೆಂದರೆ ಎಮ್ಮೆ ಹಿಂದಕ್ಕೆ ನಡೆಯುವುದಿಲ್ಲ. ಟಪಾಲಿನವನು ಸೈಕಲ್ಲನ್ನು ಹೊರಗೇ ಬಿಟ್ಟು ಬಂದು, ನಡುವೆ ನಿಂತು, ಎರಡೂ ಕೈಯಿಂದ ಎರಡೂ ಬದಿಯ ಕಿಟಕಿಗೆ ಕಾಗದ ಹಾಕುತ್ತಿದ್ದ. ಮದುವೆಗಳಲ್ಲಿ ಮದುಮಗನ ಕುದುರೆ ಗಲ್ಲಿಯ ಬಾಯಲ್ಲೇ ನಿಲ್ಲುತ್ತಿತ್ತು, ಮದುಮಗ ಇಳಿದು ನಡೆದು ಬರುತ್ತಿದ್ದ. ಒಬ್ಬ ಮಾತ್ರ ಇಳಿಯುವುದಿಲ್ಲ ಎಂದು ಹಟ ಹಿಡಿದು, ಎರಡು ಗೋಡೆಗಳ ನಡುವೆ ಕುದುರೆಯ ಸಮೇತ ಸಿಕ್ಕಿಕೊಂಡದ್ದನ್ನು ಆ ಗಲ್ಲಿಯವರು ಈಗಲೂ ಹೇಳುತ್ತಾರೆ.

ಟಪಾಲಿನ ವಿಳಾಸದಲ್ಲಿ ಆ ಗಲ್ಲಿಗೆ ಬೇರೆ ಹೆಸರಿತ್ತು. ಜನ ಕರೆಯುತ್ತಿದ್ದದ್ದು ಪೆಟ್ಟಿಗಿ ಗಲ್ಲಿ ಎಂದು. ಅಂಗಳವೇ ಇಲ್ಲದ ಮನೆಗಳಾದ್ದರಿಂದ ಎಲ್ಲರೂ ಕಿಟಕಿಯ ಕೆಳಗೆ ಒಂದು ಚಪ್ಪಡಿ ಕಲ್ಲು ಹೊರಚಾಚಿಸಿ ಅದರ ಮೇಲೆ ಪೆಟ್ಟಿಗೆಯಲ್ಲಿ ಹೂಗಿಡ ಹಾಕುತ್ತಿದ್ದರು. ಚಹಾದ ಪೆಟ್ಟಿಗೆ, ಹಣ್ಣಿನ ಪೆಟ್ಟಿಗೆ, ತಗಡಿನ ಎಣ್ಣೆ ಡಬ್ಬಿ. ಒಬ್ಬರ ಮನೆಯಲ್ಲಂತೂ ಉರ್ದು ಅಕ್ಷರ ಬರೆದ, ನಿಜಾಮನ ಕಾಲದ ಯಾವುದೋ ಕಚೇರಿಯ ದಸ್ತಾವೇಜಿನ ಪೆಟ್ಟಿಗೆ. ಅದರಲ್ಲಿ ಕನಕಾಂಬರ ಬೆಳೆಯುತ್ತಿತ್ತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಆ ಗಲ್ಲಿಯಲ್ಲಿ ಒಂದು ಪದ್ಧತಿಯಿತ್ತು. ಗಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇದ್ದುದರಿಂದ, ಒಂದು ಬದಿಯ ಗೋಡೆಗೆ ಮುಂಜಾನೆಯ ಎಳೆಬಿಸಿಲು, ಇನ್ನೊಂದು ಬದಿಯ ಗೋಡೆಗೆ ಮಧ್ಯಾಹ್ನ ತಿರುಗಿದ ಮೇಲಿನ ಬಿರುಬಿಸಿಲು. ಗುಲಾಬಿಗೆ ಎಳೆಬಿಸಿಲು ಬೇಕು. ಮಲ್ಲಿಗೆಗೆ ಬಿಸಿಲು ಎಷ್ಟು ಕಾದರೂ ಒಳ್ಳೆಯದೇ, ಬುಡ ಮಾತ್ರ ತಂಪಿರಬೇಕು. ಹಾಗಾಗಿ ಯಾರಿಗೆ ಯಾವ ಹೂ ಬೇಕೋ ಅವರು ತಮ್ಮ ಪೆಟ್ಟಿಗೆಯನ್ನು ಎದುರು ಮನೆಯ ಗೋಡೆಗೆ ಇಡುತ್ತಿದ್ದರು. ನಮ್ಮ ಅಕ್ಕನ ಪನ್ನೀರ ಗುಲಾಬಿ ಎದುರು ಮನೆಯ ಖಾಲಾನ ಕಿಟಕಿಯಲ್ಲಿ. ಖಾಲಾನ ಮಲ್ಲಿಗೆ ನಮ್ಮ ಕಿಟಕಿಯಲ್ಲಿ. ಯಾರ ಗೋಡೆಯ ಮೇಲೆ ಪೆಟ್ಟಿಗೆ ಇದೆಯೋ ಅವರು ನೀರು ಹಾಕಬೇಕು. ಹೂ ಮಾತ್ರ ಪೆಟ್ಟಿಗೆಯವರಿಗೆ. ಬೆಳಿಗ್ಗೆ ಖಾಲಾ ಗುಲಾಬಿ ಕೊಯ್ದು ಕಿಟಕಿಯಿಂದಲೇ ಕೈ ಚಾಚುತ್ತಿದ್ದಳು, ಸಂಜೆ ಅಕ್ಕ ಮಲ್ಲಿಗೆ ಮೊಗ್ಗು ಬಿಡಿಸಿ ಕಿಟಕಿಯಿಂದಲೇ ಕೈ ಚಾಚುತ್ತಿದ್ದಳು. ಗಲ್ಲಿಯ ನಡುವೆ ಎರಡು ಕೈ ಕೂಡುತ್ತಿದ್ದವು. ಕೆಳಗೆ ಯಾರಾದರೂ ನಡೆದು ಹೋಗುತ್ತಿದ್ದರೆ ತಲೆ ಬಗ್ಗಿಸಬೇಕಿತ್ತು.

ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಗಲ್ಲಿಗೆಲ್ಲ ಖಾಲಾ ಆಗಿದ್ದ ಆಕೆ ಆಗ ಐವತ್ತರ ಹತ್ತಿರದ ಹೆಂಗಸು, ದೊಡ್ಡ ದನಿ. ಆಕೆಯ ಗಂಡನಿಗೆ ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಬಜಾರದಲ್ಲಿ ಹಗ್ಗದ ಅಂಗಡಿ ಇಟ್ಟಿದ್ದವರು, ಕಣ್ಣು ಮಂಜಾದ ಮೇಲೆ ಮನೆಯಲ್ಲೇ ಇರುತ್ತಿದ್ದರು. ಒಬ್ಬಳೇ ಮಗಳು ಶಾಹಿದಾ. ಆಕೆಯ ನಿಕಾಹ್ ಗೊತ್ತಾಗಿತ್ತು. ಖಾಲಾನ ಮಲ್ಲಿಗೆ ಸಾದಾ ಮಲ್ಲಿಗೆಯಲ್ಲ. ಗಿಲ್ಲೆಸುಗೂರಿನ ತನ್ನ ತವರುಮನೆಯಿಂದ, ತಾನು ಮದುವೆಯಾಗಿ ಬಂದಾಗ ತಂದ ಬಳ್ಳಿ. ಆ ತವರುಮನೆ ಬಿದ್ದುಹೋಗಿ ಅಲ್ಲೀಗ ಯಾರೂ ಇಲ್ಲ, ಮೂಲದ ಬಳ್ಳಿಯೂ ಇಲ್ಲ. ನಿಕಾಹ್ ದಿನ ಬಜಾರಿನ ಹೂ ಎಷ್ಟು ಬೇಕಾದರೂ ಬರಲಿ, ಮಗಳ ತಲೆಯಲ್ಲಿ ಒಂದು ಮೊಳ ಮಾತ್ರ ಈ ಬಳ್ಳಿಯದಿರಬೇಕು ಎಂದು ಖಾಲಾ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಅದೇ ಬೇಸಿಗೆಯಲ್ಲಿ ದೇವದುರ್ಗದಲ್ಲಿ ನಮ್ಮ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅಕ್ಕ ಹೊರಟಳು. ಖಾಲಾನೂ ಮಗಳನ್ನು ಕರೆದುಕೊಂಡು ಮಾನ್ವಿ ಕಡೆಯ ನೆಂಟರನ್ನು ನಿಕಾಹ್‌ಗೆ ಕರೆಯಲು ಹೊರಟಿದ್ದಳು. ಬಸ್ಸಿಗೆ ಹೋಗುವ ಮೊದಲು ಅಕ್ಕ ನನ್ನನ್ನು ಕಿಟಕಿಯ ಮುಂದೆ ನಿಲ್ಲಿಸಿದಳು.

"ಲೇ ಅಮರೇಶ, ನಮ್ಮ ಗುಲಾಬಿ ಚಿಂತಿ ನಿನಗ ಬ್ಯಾಡ. ಅದನ್ನ ಚಾಚಾ ನೋಡ್ಕೊಂತಾರ. ನೀ ಈ ಮಲ್ಲಿಗಿ ನೋಡು. ಮುಂಜಾನಿ ಎರಡು ಚೊಂಬು, ಸಂಜಿಗಿ ಎರಡು ಚೊಂಬು."

"ಅಷ್ಟ ಅಲ್ಲೇನಕ್ಕಾ!"

"ಅಷ್ಟ ಅಂತ ಅಂದೆಲ್ಲ, ಅದಕ್ಕ ನನಗ ಅಂಜಿಕಿ ಬರಾಕತ್ತದ."

ಅಕ್ಕನ ಅಂಜಿಕೆ ಸುಳ್ಳಾಗಲಿಲ್ಲ. ಕಾರಣ ಹೇಳಲು ಈಗಲೂ ನಾಚಿಕೆ. ಕಾರಣ, ಒಂದು ಪ್ಯಾಂಟು.

ಆಗ ಬೆಲ್‌ಬಾಟಮ್ ಕಾಲ. ನಾನು ಹೊಲಿಗೆ ಕಲಿಸುತ್ತಿದ್ದ ಉಸ್ತಾದರ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ ಕೂಡಿಸಿ ನನಗೆ ನಾನೇ ಮೊದಲ ಪ್ಯಾಂಟು ಹೊಲಿದುಕೊಂಡಿದ್ದೆ. ಬೇರೆಯವರ ಪ್ಯಾಂಟಿನ ಬಾಯಿ ಇಪ್ಪತ್ನಾಲ್ಕು ಇಂಚು ಇದ್ದರೆ ನನ್ನದು ಮೂವತ್ತು. ಬಿಳಿ ಬಣ್ಣ ಬೇರೆ. ರಾಯಚೂರಿನ ಬೇಸಿಗೆಯ ಧೂಳಿನಲ್ಲಿ, ಆ ಗಲ್ಲಿಯಲ್ಲಿ, ಮೂವತ್ತು ಇಂಚಿನ ಬಿಳಿ ಪ್ಯಾಂಟು ಹಾಕಿಕೊಂಡು ನಡೆದವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಅಮರೇಶ ಹಾದು ಹೋದನೆಂದರೆ ಅವತ್ತು ಗಲ್ಲಿ ಗುಡಿಸುವ ಕೆಲಸವಿಲ್ಲ ಎಂದು ಹೆಂಗಸರು ನಗುತ್ತಿದ್ದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡಿದ್ದೆ.

ದಿನವೂ ಮೈಲಿಗೆಯಾದ ಪ್ಯಾಂಟನ್ನು ದಿನವೂ ಒಗೆಯಬೇಕು. ಒಗೆಯಲು ನೀರು ಬೇಕು. ಗಲ್ಲಿಯ ಬಾಯಲ್ಲಿ ಒಂದೇ ನಳ, ಮುಂಜಾನೆ ಒಂದು ತಾಸು ನೀರು. ಅಲ್ಲಿ ಪಾಳಿ ಹಚ್ಚಿ ನಿಂತವರೆಲ್ಲ ಹೆಂಗಸರು. ಮೂವತ್ತು ಇಂಚಿನ ಪ್ಯಾಂಟಿನ ಗಂಡಸು ಆ ಪಾಳಿಯಲ್ಲಿ ಕೊಡ ಹಿಡಿದು ನಿಲ್ಲುವುದೆಂದರೇನು? ಪಾಳಿ ಮುಗಿದ ಮೇಲೆ ಹೋಗುತ್ತಿದ್ದೆ. ಆಗ ಸಿಗುತ್ತಿದ್ದದ್ದು ಒಂದು ಕೊಡ, ಕೆಲವು ದಿನ ಅದೂ ಇಲ್ಲ. ಭಾವನಿಗೆ ಕುಡಿಯಲು, ಸ್ನಾನಕ್ಕೆ ತೆಗೆದಿಟ್ಟು ಉಳಿದದ್ದರಲ್ಲಿ ಒಂದೋ ಮಲ್ಲಿಗೆ, ಇಲ್ಲವೇ ಪ್ಯಾಂಟು.

ಮೊದಲೆರಡು ದಿನ ಮಲ್ಲಿಗೆಗೆ ಹಾಕಿದೆ, ಸುಳ್ಳಲ್ಲ. ಮೂರನೇ ದಿನದಿಂದ ಪ್ಯಾಂಟಿಗೆ. ಮನಸ್ಸು ಚುಚ್ಚಿದಾಗ ನಾನು ಕಲಿತ ವಿದ್ಯೆ ಸಹಾಯಕ್ಕೆ ಬಂತು. ಏಳನೇ ತರಗತಿಯ ಪುಸ್ತಕದಲ್ಲಿ ನನಗೆ ನೆನಪುಳಿದಿದ್ದ ಒಂದೇ ವಾಕ್ಯ: ಗಿಡಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಪರೀಕ್ಷೆಯಲ್ಲಿ ಅದನ್ನು ಬರೆದು ಎರಡು ಅಂಕ ಪಡೆದಿದ್ದೆ. ತಾವೇ ತಯಾರಿಸಿಕೊಳ್ಳುವವಕ್ಕೆ ನಡುವೆ ನಾನೇಕೆ ಎಂದುಕೊಂಡು ಪ್ಯಾಂಟಿಗೆ ಗಂಜಿ ಹಾಕಿದೆ.

ಎದುರಿಗೆ ಚಾಚಾ ಮಾತ್ರ ಒಂದು ದಿನ ತಪ್ಪಿಸಲಿಲ್ಲ. ಗೋಡೆ ಹಿಡಿದುಕೊಂಡು ಕಿಟಕಿಗೆ ಬರುವರು. ಕಣ್ಣು ಕಾಣದಿದ್ದರಿಂದ ಮೊದಲು ಬೆರಳನ್ನು ಮಣ್ಣಿಗೆ ಚುಚ್ಚಿ ತೇವ ನೋಡುವರು. ಆಮೇಲೆ ಇನ್ನೊಂದು ಕೈಯಿಂದ ಬುಡ ಹುಡುಕಿ, ಚೊಂಬಿನ ನೀರನ್ನು ಒಂದು ಹನಿ ಹೊರಗೆ ಚೆಲ್ಲದಂತೆ ಸುರಿಯುವರು. ನನ್ನ ಹೆಜ್ಜೆ ಕೇಳಿದರೆ ಅಲ್ಲಿಂದಲೇ ಮಾತು.

"ಅಮರೇಶ ಬೇಟಾ, ನಿಮ್ಮ ಗುಲಾಬಿ ಮೂರು ಮೊಗ್ಗಿ ಬಿಟ್ಟದ. ನಮ್ಮ ಚಮೇಲಿ ಹೆಂಗದ?"

"ಜೋರ್ ಅದ ಚಾಚಾ."

"ಮತ್ತ ವಾಸನಿ ಬರವಲ್ತಲ್ಲ?"

"ಇನ್ನೂ ಮೊಗ್ಗಿ ಬಿರಿದಿಲ್ಲ ಚಾಚಾ."

"ಹೌದಾ? ನಿಕಾಹ್ ಸಲುವಾಗಿ ಕಾಯಾಕತ್ತದೇನೋ, ಜಾಣ!" ಎಂದು ನಕ್ಕರು.

ಹೀಗೆ ಹದಿನೈದು ದಿನ. ಎಲೆ ಹಳದಿಯಾಯಿತು, ಸುರುಳಿಯಾಯಿತು, ಉದುರಿತು. ಉದುರಿದ ಎಲೆಯನ್ನು ನನ್ನ ಪ್ಯಾಂಟೇ ಗುಡಿಸಿಕೊಂಡು ಹೋಗುತ್ತಿತ್ತು. ಅಕ್ಕ ಬರುವ ಹಿಂದಿನ ದಿನ ಎಚ್ಚರವಾದವನಂತೆ ಪಾಳಿಯಲ್ಲಿ ಮೊದಲಿಗನಾಗಿ ನಿಂತು ನಾಲ್ಕು ಕೊಡ ನೀರು ತಂದು ಸುರಿದೆ. ಪೆಟ್ಟಿಗೆ ತುಂಬಿ, ಸೋರಿ, ಗಲ್ಲಿಯಲ್ಲಿ ಕೆಸರಾಯಿತು. ಒಣಗಿದ ಬಳ್ಳಿ ಒದ್ದೆಯಾದ ಒಣಬಳ್ಳಿಯಾಯಿತು, ಅಷ್ಟೇ.

ಅಕ್ಕ ಬಂದವಳು ಚೀಲವನ್ನು ಕೂಡ ಇಳಿಸದೆ ಕಿಟಕಿಯ ಮುಂದೆ ನಿಂತುಬಿಟ್ಟಳು. ಬೆರಳಿನಿಂದ ಒಂದು ಕಡ್ಡಿ ಮುರಿದು ನೋಡಿದಳು. ಪಟ್ಟನೆ ಮುರಿಯಿತು. ಒಳಗೆ ಹಸಿರಿರಲಿಲ್ಲ.

"ನೀರ ಹಾಕಿದ್ದಿಲ್ಲೇನೋ?"

"ಹಾಕೀನಕ್ಕಾ. ನೀ ಇಟ್ಟು ಹೋದ ಬಕೀಟಿನ ನೀರನ್ನ ಮೊದಲ ದಿನ ಹಾಕೀನಿ. ಅವತ್ತಿಂದ ಬಾಡಾಕತ್ತು."

ನಾನು ಹೇಳಿದ ಸುಳ್ಳು ಇಷ್ಟೇ. ಬಕೀಟಿನ ಆ ನೀರನ್ನು ನಿಜವಾಗಿ ನಾನು ಪ್ಯಾಂಟಿಗೆ ಹಾಕಿದ್ದೆ. ಆದರೆ ಅಕ್ಕನ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

"ಅಯ್ಯೋ ಯವ್ವಾ... ಆ ಬಕೀಟಿನ್ಯಾಗ ನಿಮ್ಮ ಭಾವನ ಗಿರಣಿ ಅಂಗಿ ನೆನಿ ಹಾಕಿದ್ದೆ. ಬಟ್ಟಿ ಒಗಿಯೂ ಸೋಡಾದ ನೀರದು. ಅಂಗಿ ಹಿಂಡಿ ಹಾಕಿ, ನೀರ ಚೆಲ್ಲಿ ಹೋಗೂದು ಮರೆತೆ. ಸೋಡಾ ನೀರ ಬಿದ್ರ ಬೇರು ಉಳಿತದೇನು? ನಾನs ಸುಟ್ಟೆ, ಖಾಲಾನ ಗಿಡ ನಾನs ಸುಟ್ಟೆ."

ಆಗ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. ಆದರೆ ಬಂದ ಮಾತು, "ಹೋಗ್ಲಿ ಬಿಡಕ್ಕಾ, ಬೇಕಂತ ಮಾಡಿದ್ದೇನು ನೀನು?" ಎಂದು. ಅಂದರೆ ನಾನು ಆಕೆಯನ್ನು ಕ್ಷಮಿಸಿದೆ! ಇಷ್ಟು ವರ್ಷ ಕಳೆದರೂ ಉಳಿದೆಲ್ಲಕ್ಕಿಂತ ಈ ಒಂದು ಮಾತು ನೆನಪಾದಾಗಲೇ ನನಗೆ ಸೂಜಿ ಬೆರಳಿಗೆ ಚುಚ್ಚುವುದು.

ಖಾಲಾ ಎರಡು ದಿನ ಬಿಟ್ಟು ಬಂದಳು. ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಅಳುತ್ತಾ ಎಲ್ಲ ಹೇಳಿದಳು. ನಾನು ಒಳಗೆ ಮಷಿನ್ನಿಗೆ ಎಣ್ಣೆ ಹಾಕುತ್ತಾ ಕೂತೆ. ಆ ಮನೆಯಲ್ಲಿ ಮಷಿನ್ನೇ ಇರಲಿಲ್ಲ. ಎಣ್ಣೆ ಹಾಕಿದ್ದು ಒಳಕೋಣೆಯ ಬಾಗಿಲಿನ ತಿರುಗಣಿಗೆ. ದೊಡ್ಡ ದನಿಯ ಖಾಲಾ ಅವತ್ತು ಕೂಗಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ನಾಲ್ಕು ಒಣ ಎಲೆಗಳನ್ನು ಸೆರಗಿನಲ್ಲಿ ಹಾಕಿಕೊಂಡು, "ಅಳಬ್ಯಾಡ ಬೇಟಿ. ಗಿಡ ಅಲ್ಲೇನು, ಹೋಯ್ತು" ಎಂದು ಒಳಗೆ ಹೋದಳು. ಕಿಟಕಿಯಿಂದ ಚಾಚಾನ ದನಿ ಕೇಳಿಸಿತು: "ಜೋರ್ ಅದ ಅಂದಿದ್ನಲ್ಲ ಹುಡುಗ?" ಖಾಲಾ ಏನು ಉತ್ತರ ಕೊಟ್ಟಳೋ ನನಗೆ ಕೇಳಲಿಲ್ಲ. ಕೇಳದ ಹಾಗೆ ನಾನು ಬಾಗಿಲನ್ನು ಹಿಂದೆ ಮುಂದೆ ಆಡಿಸಿ ಕಿರ್ರೆನಿಸುತ್ತಿದ್ದೆ.

ಶಾಹಿದಾಳ ನಿಕಾಹ್ ಬಜಾರಿನ ಹೂವಿನಲ್ಲೇ ಆಯಿತು. ಅಕ್ಕ ಎರಡು ದಿನ ಅವರ ಮನೆಯಲ್ಲಿ ಕೈಮುರಿಯುವಷ್ಟು ಕೆಲಸ ಮಾಡಿದಳು, ಹೂ ಮುಡಿಸುವ ಹೊತ್ತಿಗೆ ಮಾತ್ರ ಹಿಂದೆ ಸರಿದಳು. ಮರುದಿನ ಬೆಳಿಗ್ಗೆ ಖಾಲಾ ಎಂದಿನಂತೆ ಗುಲಾಬಿ ಕೊಯ್ದು ಕೈ ಚಾಚಿದಾಗ ಅಕ್ಕ ಕೈ ಚಾಚಲಿಲ್ಲ.

"ಬ್ಯಾಡ್ರಿ ಖಾಲಾ. ಇನ್ನ ಅದು ನಿಮ್ಮದ ಗಿಡ. ನಿಮ್ಮ ಮನಿಗೇ ಇರ್ಲಿ ಹೂ."

"ಹುಚ್ಚಿ, ತಗೋ."

"ಊಹೂಂ."

ಅವತ್ತಿನಿಂದ ಅಕ್ಕ ಆ ಗುಲಾಬಿ ಮುಡಿಯಲಿಲ್ಲ. ಒಂದು ದಿನವಲ್ಲ, ಒಂದು ತಿಂಗಳಲ್ಲ, ಹತ್ತು ವರ್ಷ. ನಾನು ಹೊಲಿಗೆ ಕಲಿತು ಮಾನ್ವಿಗೆ ಬಂದು ಅಂಗಡಿ ಇಟ್ಟೆ, ಮದುವೆಯಾದೆ, ಮೈ ಬೆಳೆಯಿತು, ಬೆಲ್‌ಬಾಟಮ್ ಕಾಲ ಮುಗಿದು ಆ ಪ್ಯಾಂಟಿನಲ್ಲಿ ನಾಲ್ಕು ದಿಂಬಿನ ಚೀಲ ಹೊಲಿದೆ. ರಾಯಚೂರಿಗೆ ಹೋದಾಗಲೆಲ್ಲ ಅಕ್ಕನ ತುರುಬು ನೋಡುತ್ತಿದ್ದೆ. ಹಬ್ಬಕ್ಕೆ ಬಜಾರಿನ ಹೂ ಇರುತ್ತಿತ್ತು, ಉಳಿದ ದಿನ ಬೋಳು. ಎದುರಿನ ಕಿಟಕಿಯಲ್ಲಿ ಆಕೆಯದೇ ಗುಲಾಬಿ ಕೆಂಪಗೆ ಅರಳಿ ನಗುತ್ತಿರುತ್ತಿತ್ತು. ಹೇಳಿಬಿಡೋಣ ಎಂದುಕೊಂಡು ಹೋಗುವೆ. ಅಕ್ಕ ರೊಟ್ಟಿಗೆ ಶೇಂಗಾದ ಹಿಂಡಿ ಬಡಿಸುವಳು, ತಿಂದು ಬರುವೆ. ನಾಲ್ಕೈದು ಸಲ ಹೀಗಾದ ಮೇಲೆ ಚಾಚಾ ತೀರಿಕೊಂಡರು. ಅವರಿಗೆ ಹೇಳುವುದು ಆಗಲೇ ಇಲ್ಲ. ಮಣ್ಣು ಕೊಟ್ಟು ಬರುವಾಗ ನನಗೆ ಅವರ ಬೆರಳು ನೆನಪಾಯಿತು, ಉಗುರಿನ ಸಂದಿಯಲ್ಲಿ ನಮ್ಮ ಗುಲಾಬಿಯ ಮಣ್ಣು ಇರುತ್ತಿದ್ದ ಬೆರಳು. ಇನ್ನು ತಡಮಾಡಬಾರದು ಎಂದು ಅವತ್ತೇ ಗಟ್ಟಿಮಾಡಿಕೊಂಡೆ. ಗಟ್ಟಿಮಾಡಿಕೊಂಡ ಮೇಲೂ ಮತ್ತೆ ಒಂದು ವರ್ಷ ತಡಮಾಡಿದೆ.

ಕೊನೆಗೆ ಒಂದು ದಿನ ಬೆಳಗಿನ ಬಸ್ಸಿಗೆ ಹೋಗಿ, ಅಕ್ಕ ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಕೂತು ಒಂದೇ ಉಸಿರಿನಲ್ಲಿ ಹೇಳಿದೆ. ಪ್ಯಾಂಟು, ನಳ, ಪಾಳಿ, ಬಕೀಟು, ಯಾವುದನ್ನೂ ಬಿಡಲಿಲ್ಲ. ಅಕ್ಕನ ಕೈ ರೊಟ್ಟಿಯ ಮೇಲೆ ನಿಂತಿತು. ಕಣ್ಣು ತುಂಬಿ ಬಂತು. ಬಯ್ಯಲಿ, ಒಲೆಯ ಕಟ್ಟಿಗೆ ತೆಗೆದುಕೊಂಡು ಬಡಿಯಲಿ ಎಂದು ಕಾದೆ.

"ತಮ್ಮಾ," ಅಂದಳು, "ನಾ ಹೂ ಮುಡಿಯೂದಿಲ್ಲ ಅಂತ ನಿನಗ ಇಷ್ಟು ಸಂಕಟ ಆಗಾಕತ್ತದೇನೋ? ಅಕ್ಕನ ತಪ್ಪ ಮೈಮ್ಯಾಲ ಹಾಕ್ಕೊಳ್ಳಾಕ ಮಾನ್ವಿಯಿಂದ ಬಂದಿಯಲ್ಲೋ!"

"ಅಲ್ಲಕ್ಕಾ, ಖರೇನ ನಾನs..."

"ಸುಮ್ನಿರು. ಬಕೀಟು ನಂದು, ಸೋಡಾ ನಂದು. ನನಗ ನೆನಪಿಲ್ಲೇನು?" ಸೆರಗಿನಿಂದ ಕಣ್ಣೊರೆಸಿಕೊಂಡು ಕಿಟಕಿಗೆ ಹೋಗಿ ಕೂಗಿದಳು. "ಖಾಲಾ, ಬರ್ರಿ ಇಲ್ಲಿ! ನನ್ನ ತಮ್ಮ ಎಂಥಾವ ನೋಡ್ರಿ. ನಿಮ್ಮ ಮಲ್ಲಿಗಿ ಒಣಗಿಸಿದಾವ ತಾನs ಅಂತಾನ, ಪ್ಯಾಂಟ್ ಒಗಿಯಾಕ ನೀರ ಖರ್ಚು ಮಾಡಿದ್ನಂತ!"

ನಾನು ಹತ್ತು ವರ್ಷ ಕಷ್ಟಪಟ್ಟು ಕೂಡಿಸಿಕೊಂಡ ಸತ್ಯವನ್ನು ಅಕ್ಕ ಎರಡು ಮಾತಿನಲ್ಲಿ ಗಲ್ಲಿಗೆಲ್ಲ ಸಾರಿದಳು, ನನ್ನ ದೊಡ್ಡಗುಣ ಎಂದು. ಎದುರಿನ ಕಿಟಕಿಯಲ್ಲಿ ಖಾಲಾನ ಮುಖ ಬಂತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ನನ್ನನ್ನೇ ನೋಡಿದಳು.

"ಆ ಚೌಡಾ, ಅಗಲ ಬಾಯಿ ಪ್ಯಾಂಟೇನೋ? ಗಲ್ಲಿ ಬಳೀತಿತ್ತಲ್ಲ, ಅದು?"

"ಹೌದ್ರಿ ಖಾಲಾ."

"ಒಂದಿನಾನೂ ನೀರ ಹಾಕಲಿಲ್ಲ?"

"ಎರಡು ದಿನ ಹಾಕಿದ್ದೆ."

 ಖಾಲಾನ ಕಣ್ಣು ನಮ್ಮ ಕಿಟಕಿಯ ಖಾಲಿ ಚಪ್ಪಡಿಯ ಮೇಲಿತ್ತು. ಆಮೇಲೆ ಹೇಳಿದಳು. "ಇವನs ಶರಣಮ್ಮ, ಇವನs ಮಾಡ್ಯಾನ. ಸುಳ್ಳಲ್ಲ. ಮುದುಕಗ ಜೋರ್ ಅದ ಅಂತ ಹೇಳಿದಾವ ಇವನs. ಬೇಷರಮ್, ನಾಚಿಕಿಗೇಡಿ!"

ಇಡೀ ಲೋಕದಲ್ಲಿ ನನ್ನನ್ನು ನಂಬಿದ ಒಬ್ಬಳೇ ಒಬ್ಬಳು! ನನಗೆ ಆಕೆಯ ಕಾಲು ಹಿಡಿಯಬೇಕೆನಿಸಿತು. ಆದರೆ ಅಕ್ಕ ಹಿಟ್ಟಿನ ಕೈಯನ್ನು ಕಿಟಕಿಯ ಸರಳಿಗೆ ಬಡಿದಳು.

"ಖಾಲಾ, ನನಗ ಏನರೆ ಅನ್ರಿ. ನನ್ನ ತಮ್ಮಗ ಬೇಷರಮ್ ಅನಬ್ಯಾಡ್ರಿ."

"ಅವನs ಹೇಳಾಕತ್ತಾನಲ್ಲ, ನಾ ಮಾಡೀನಿ ಅಂತ!"

"ಅವ ಹೇಳ್ತಾನ, ಅವನ ಮನಸು ಹಂಗದ. ನೀವು ನಂಬೂದೇನ್ರಿ? ಇಷ್ಟು ವರ್ಷ ನೋಡೀರಿ, ಇಷ್ಟs ಏನ್ರಿ ನಮ್ಮ ಮ್ಯಾಲಿನ ನಂಬಿಕಿ? ಹಂಗಿದ್ರ ನನ್ನ ಹೂ ನನಗ ಕೊಡ್ರಿ. ಇವತ್ತಿಂದ ನನ್ನ ಹೂ ನಿಮಗ್ಯಾಕ!"

"ಯಾ ಅಲ್ಲಾ! ಹತ್ತು ವರ್ಷದಿಂದ ನಾನೂ ಅದನ್ನs ಹೇಳಾಕತ್ತೀನಿ, ತಗೋ ಅಂತ!"

ಖಾಲಾ ಎರಡು ಗುಲಾಬಿಗಳನ್ನು ಕಿತ್ತೇ ಬಿಟ್ಟಳು, ಮುಳ್ಳನ್ನೂ ಲೆಕ್ಕಿಸದೆ. ಕೈ ಚಾಚಿದಳು. ಅಕ್ಕ ಚಾಚಿದಳು. ಗಲ್ಲಿಯ ನಡುವೆ ಕಸಿದುಕೊಂಡ ಹಾಗೆ ಕಸಿದುಕೊಂಡು, ಹಿಟ್ಟಿನ ಕೈಯಲ್ಲೇ ಎರಡನ್ನೂ ತುರುಬಿಗೆ ಸಿಕ್ಕಿಸಿ, ಖಾಲಾನಿಗೆ ಚೆನ್ನಾಗಿ ಕಾಣಲಿ ಎಂದು ಆಕೆಗೆ ಬೆನ್ನು ತಿರುಗಿಸಿ ಕೂತು ರೊಟ್ಟಿ ಬಡಿಯತೊಡಗಿದಳು. ಸಿಟ್ಟಿಗೆ ರೊಟ್ಟಿ ತೆಳ್ಳಗಾಗುತ್ತಿತ್ತು. ಬೋಳು ತುರುಬಿನಲ್ಲಿ ಎರಡು ಹೂ, ಅದರ ಮೇಲೆ ಜೋಳದ ಹಿಟ್ಟಿನ ಬಿಳಿ.

ನನ್ನ ಮಾನ ಕಾಯುವುದಕ್ಕೆ ಮುಡಿದ ಹೂ ಅದು. ಇಲ್ಲದ ನನ್ನ ಮಾನ. ತಪ್ಪು ನನ್ನದೇ ಎಂದು ಆಕೆಗೆ ಇನ್ನೂ ಗೊತ್ತಾಗಿರಲಿಲ್ಲ. ಆ ಭಾರ ಆಕೆಯ ಮೇಲೇ ಇತ್ತು, ಹೂವಿನ ಕೆಳಗೆ. ಇನ್ನೊಮ್ಮೆ ಬಿಡಿಸಿ ಹೇಳಬೇಕೆಂದು ಬಾಯಿ ತೆರೆದೆ.

"ಅಕ್ಕಾ, ದೇವರಾಣಿ, ಖಾಲಾ ಹೇಳಿದ್ದು ಖರೇ..."

ಅಕ್ಕನ ಬೆನ್ನ ಹಿಂದೆ, ಕಿಟಕಿಯಾಚೆ, ಖಾಲಾ ತುಟಿಯ ಮೇಲೆ ಬೆರಳಿಟ್ಟಳು. ಮುಳ್ಳು ಗೀರಿ ಆ ಬೆರಳಲ್ಲಿ ರಕ್ತ ಬಂದಿತ್ತು. ಅಕ್ಕನ ತುರುಬಿನ ಕಡೆಗೊಮ್ಮೆ ನೋಡಿ, ನನ್ನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು.

"ಏನಂದಿ?" ಅಕ್ಕ ತಿರುಗದೆ ಕೇಳಿದಳು.

"ಇನ್ನೊಂದು ರೊಟ್ಟಿ ಹಾಕು ಅಂದೆ," ಎಂದೆ.